ಮೂಲೆ ಹಿಡಿದ ಬೈಕಿಗೆ ಮತ್ತೆ ಜೀವ: ಓದುಗರ ಪ್ರಶ್ನೆ, ಹಳೇ ಟರ್ನರನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಷ್ಟ ಹೇಳುತ್ತವೆ. ಮನೆಯಲ್ಲೊಂದು ನಿಂತುಹೋದ ಹಳೇ ಮೋಟಾರ್ ಸೈಕಲ್, ಕೈಯಲ್ಲಿ ಕಡಿಮೆ ದುಡ್ಡು, ಹುಡುಕಿದರೂ ಸಿಗದ ಬಿಡಿಭಾಗ. ನಾನು ಟರ್ನರ್, 31 ವರ್ಷ ಟೂಲ್ ರೂಮಿನಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ಮುಂದೆ ನಿಂತವನು. ನಾಲ್ಕು ಬೈಕುಗಳನ್ನು ಬರೀ ಚಾಸಿಯಿಂದ ಕಟ್ಟಿ ಓಡಿಸಿದ್ದೇನೆ. ಕಲಿತದ್ದನ್ನೂ ಕೆಟ್ಟದ್ದನ್ನೂ ಎರಡನ್ನೂ ಹೇಳುತ್ತೇನೆ.

ಪ್ರಶ್ನೆ: ಅಪ್ಪನ ಟೂ-ಸ್ಟ್ರೋಕ್ ಬೈಕು 19 ವರ್ಷದಿಂದ ನಿಂತಿದೆ. ಕಿಕ್ ಕೆಳಗಿಳಿಯುವುದೇ ಇಲ್ಲ. ಗೇರಿಗೆ ಹಾಕಿ ನಾಲ್ಕು ಜನ ತಳ್ಳಿದರೆ ಬಿಟ್ಟುಕೊಳ್ಳುತ್ತದೆ ಅನ್ನುತ್ತಾರೆ. ತಳ್ಳಲೇ? ದುಡ್ಡು ಕಡಿಮೆ ಇದೆ, ಎಲ್ಲಿಂದ ಶುರು ಮಾಡಲಿ?

ದಯವಿಟ್ಟು ತಳ್ಳಬೇಡಿ. ಪಿಸ್ಟನ್ ಸುತ್ತಲಿನ ರಿಂಗು ತುಕ್ಕು ಹಿಡಿದು ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗೆ, ಅಂಟಿಕೊಂಡಿರಬೇಕು. ಟೂ-ಸ್ಟ್ರೋಕ್ ಇಂಜಿನ್ನಿನ ಬೋರಿನಲ್ಲಿ ಕಿಟಕಿಗಳಿರುತ್ತವೆ, ಅವೇ ಪೋರ್ಟುಗಳು. ಬಲವಂತದಿಂದ ಎಳೆದರೆ ರಿಂಗಿನ ತುದಿ ಪೋರ್ಟಿನ ಅಂಚಿಗೆ ಸಿಕ್ಕಿ ಮುರಿಯುತ್ತದೆ, ಮುರಿದ ತುಂಡು ಬೋರನ್ನು ಗೀರುತ್ತಾ ಹೋಗುತ್ತದೆ. ಒಂದು ರಿಂಗಿನಲ್ಲಿ ಮುಗಿಯಬೇಕಾದ ಖರ್ಚು ಬೋರು, ಪಿಸ್ಟನ್ ಎರಡಕ್ಕೂ ಬರುತ್ತದೆ.

ಮೊದಲು ಸೈಲೆನ್ಸರ್ ಬಿಚ್ಚಿ, ಟಾರ್ಚ್ ಹಿಡಿದು ಎಕ್ಸಾಸ್ಟ್ ಪೋರ್ಟಿನಲ್ಲಿ ನೋಡಿ. ಪಿಸ್ಟನ್ ಪೋರ್ಟನ್ನು ಮುಚ್ಚಿಕೊಂಡಿದ್ದರೆ ಒಳ್ಳೆಯದಾಯಿತು. ಪ್ಲಗ್ ಬಿಚ್ಚಿ, ಡೀಸೆಲ್ಲು ಮತ್ತು ಇಂಜಿನ್ ಆಯಿಲ್ ಸಮಸಮ ಬೆರೆಸಿ ಒಳಗೆ ಸುರಿಯಿರಿ. ಪೋರ್ಟು ತೆರೆದಿದ್ದರೆ ಸುರಿದದ್ದೆಲ್ಲ ಸೋರಿಹೋಗುತ್ತದೆ. ಆಗ ಬೋರಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ, ಪಿಸ್ಟನ್ ಸುತ್ತಲೂ ಅದೇ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಒತ್ತಿಡಬೇಕು. ದಿನಾ ಒಂದಿಷ್ಟು ಎಣ್ಣೆ, ದಿನಾ ಫ್ಲೈವೀಲ್ (ಇಂಜಿನ್ ಪಕ್ಕದ ಭಾರದ ಚಕ್ರ) ನಟ್ಟಿಗೆ ಪಾನಾ ಹಾಕಿ ಆ ಕಡೆ ಈ ಕಡೆ ಮೆತ್ತಗೆ ಒಂದು ಒತ್ತು. ಅಷ್ಟೇ. ನನ್ನ ಮೊದಲ ಬೈಕು 11 ದಿನ ಹಟ ಹಿಡಿಯಿತು. ಹನ್ನೆರಡನೇ ಬೆಳಗ್ಗೆ ಪಾನಾ ಕೂದಲೆಳೆಯಷ್ಟು ಸರಿಯಿತು. ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ, ಅವಳಿಗೇನೂ ಕಾಣಲಿಲ್ಲ, ಆದರೂ ಖುಷಿಪಟ್ಟಳು.

ಅಲ್ಲಿಂದ ಮುಂದೆ ಬಿಚ್ಚುವ ಕೆಲಸ. ಒಂದೊಂದು ಭಾಗ ಬಿಚ್ಚುವ ಮುಂಚೆಯೂ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಆಯಾ ಜಾಗದ ಹೆಸರು ಬರೆದ ಪುಟ್ಟ ಚೀಲದಲ್ಲಿ ಹಾಕಿ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿಯುವವರ ಬೈಕು ಡಬ್ಬಿಯಲ್ಲೇ ಉಳಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಫ್ಲೈವೀಲ್ ಬಿಡಿಸಲು ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡದ, ತುದಿಗೆ ಸುತ್ತಿಗೆ ಹಾಕಬೇಡಿ. ಹಳೇ ಟೂ-ಸ್ಟ್ರೋಕ್ ಕ್ರ್ಯಾಂಕ್ ಸಾಮಾನ್ಯವಾಗಿ ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಒಂದು ಏಟಿಗೆ ಅದರ ನೇರ ತಪ್ಪುತ್ತದೆ, ಆಮೇಲೆ ಇಂಜಿನ್ ಜೀವನಪೂರ್ತಿ ನಡುಗುತ್ತದೆ. ಇದಕ್ಕೆ ಪುಲ್ಲರ್, ಅಂದರೆ ಎಳೆದು ಬಿಡಿಸುವ ಸಾಧನ, ಬೇಕು. ನಿಮ್ಮ ಕೈಯಾರೆ ಆಗಬೇಕಾದ ಮೊದಲ ವಸ್ತು ಇದೇ ಆಗಲಿ. ಒಂದು ಷಟ್ಕೋನದ ಕಬ್ಬಿಣದ ತುಂಡು, ಹೊರಗೆ ಫ್ಲೈವೀಲಿಗೆ ಹೊಂದುವ ಥ್ರೆಡ್, ನಡುವೆ ಒಂದು ಉದ್ದ ಬೋಲ್ಟು. ಟರ್ನರ್ ಒಬ್ಬರಿಗೆ ಅರ್ಧ ಗಂಟೆಯ ಕೆಲಸ. ನಾನು ಮಾಡಿಕೊಂಡ ಪುಲ್ಲರ್ ಇನ್ನೂ ಇದೆ, ಅದರಿಂದ ನೆರೆಹೊರೆಯ ಏಳೆಂಟು ಬೈಕು ಬಿಚ್ಚಿದ್ದೇವೆ.

ಇನ್ನು ದುಡ್ಡಿನ ಮಾತು. ಮೊದಲು ಟೈರು, ಟ್ಯೂಬು, ಬ್ರೇಕ್ ಶೂ, ಬ್ರೇಕ್ ಕೇಬಲ್, ಚಕ್ರದ ಬೇರಿಂಗು. ಟೈರಿನ ಗೆರೆ ಹೊಸದರಂತೆ ಕಂಡರೂ ಮೋಸಹೋಗಬೇಡಿ, ಪಕ್ಕದಲ್ಲಿ ಒತ್ತಿರುವ ಕೊನೆಯ ನಾಲ್ಕು ಅಂಕಿ ನೋಡಿ. 2309 ಅಂತಿದ್ದರೆ ಅದು 2009ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ನಂತರ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು, ಅಂದರೆ ಸೋರಿಕೆ ತಡೆಯುವ ರಬ್ಬರು ಬಳೆ. ಟೂ-ಸ್ಟ್ರೋಕಿನಲ್ಲಿ ಇದನ್ನು ಬಿಟ್ಟರೆ ಕೆಟ್ಟಿರಿ. ಒಣಗಿದ ಸೀಲಿನ ಸಂದಿಯಿಂದ ಬರೀ ಗಾಳಿ ಒಳಸೇರುತ್ತದೆ. ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ, ಪಿಸ್ಟನ್ ಕಾದು ಮತ್ತೆ ಜಾಮ್ ಆಗುತ್ತದೆ. ಬಣ್ಣ, ಕ್ರೋಮು, ಸೀಟಿನ ಹೊದಿಕೆ ಕಟ್ಟಕಡೆಗೆ. ತುಕ್ಕು ಬಣ್ಣದ ಬೈಕಿನಲ್ಲಿ ಒಂದು ವರ್ಷ ಓಡಾಡಬಹುದು, ಸವೆದ ಬ್ರೇಕಿನಲ್ಲಿ ಒಂದು ದಿನವೂ ಬೇಡ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ಆಸಿಡ್ ಹಾಕಿ ತೊಳೆಯಲೇ? ತಳದಲ್ಲಿ ಸೂಜಿಮೊನೆಯಷ್ಟು ತೂತೂ ಇದೆ.

ಆಸಿಡ್ ತುಕ್ಕಿನ ಜೊತೆ ಒಳ್ಳೆಯ ತಗಡನ್ನೂ ತಿನ್ನುತ್ತದೆ, ತೆಳ್ಳಗಾದ ಹಳೇ ಟ್ಯಾಂಕಿಗೆ ನಾನು ಹಾಕುವುದಿಲ್ಲ. ನನ್ನ ದಾರಿ ಬೇರೆ. ಪೆಟ್ರೋಲಿನ ವಾಸನೆ ಪೂರ್ತಿ ಹೋಗುವ ತನಕ ಸೋಪು ನೀರಿನಲ್ಲಿ ತೊಳೆದು, ಟ್ಯಾಂಕಿನ ತುಂಬ ನೀರು ತುಂಬಿ, ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ. ಬಾಯಿಯಿಂದ ಒಂದು ಕಬ್ಬಿಣದ ಸರಳು ಇಳಿಬಿಡಿ, ಅದು ಟ್ಯಾಂಕಿಗೆ ಎಲ್ಲೂ ತಾಗದಂತೆ ರಬ್ಬರು ಸುತ್ತಿ. ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಅದಲುಬದಲಾದರೆ ಟ್ಯಾಂಕೇ ಕರಗುತ್ತದೆ. ಒಂದು ದಿನ ಬಿಟ್ಟರೆ ತುಕ್ಕು ಕಪ್ಪು ಕೆಸರಾಗಿ ಸಡಿಲವಾಗುತ್ತದೆ. ಸರಳಿಗೆ ಎದುರಾಗಿರುವ ಭಾಗವೇ ಚೆನ್ನಾಗಿ ಬಿಡುವುದರಿಂದ ಸರಳನ್ನು ಬಗ್ಗಿಸಿ ಮೂಲೆಗಳಿಗೂ ತಿರುಗಿಸಬೇಕು.

ಎರಡು ಎಚ್ಚರಿಕೆ. ಸ್ಟೇನ್‌ಲೆಸ್ ಸ್ಟೀಲಿನ ಸರಳು ಬೇಡವೇ ಬೇಡ, ಅದರ ಕ್ರೋಮಿಯಂ ವಿಷದ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಈ ಕೆಲಸದಲ್ಲಿ ಹೈಡ್ರೋಜನ್ ಅನಿಲ ಹುಟ್ಟುವುದರಿಂದ ಬಯಲಿನಲ್ಲೇ ಮಾಡಿ, ಕ್ಲಿಪ್ ಮುಟ್ಟುವ ಮುಂಚೆ ಚಾರ್ಜರಿನ ಸ್ವಿಚ್ ಆರಿಸಿ, ಕಿಡಿ ಹಾರಬಾರದು. ತೊಳೆದ ಮೇಲೆ ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ ಎಣ್ಣೆ ಸವರಿ. ಅರ್ಧ ಗಂಟೆ ಬಿಟ್ಟರೂ ಹೊಸ ತುಕ್ಕಿನ ಕೆಂಪು ಕಾಣಿಸಿಕೊಳ್ಳುತ್ತದೆ.

ತೂತಿನ ವಿಷಯಕ್ಕೆ ಬರುತ್ತೇನೆ. ಎಷ್ಟು ತೊಳೆದರೂ ಟ್ಯಾಂಕಿಗೆ ನಾನು ಬೆಂಕಿ ತಾಗಿಸುವುದಿಲ್ಲ. ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ, ಆವಿಗೆ ಜಾಗ ಇರುವುದು ಖಾಲಿ ಟ್ಯಾಂಕಿನಲ್ಲಿ. ಟ್ಯಾಂಕು ರಿಪೇರಿಯನ್ನೇ ಕಸುಬಾಗಿ ಮಾಡುವವರ ಹತ್ತಿರ ಕೊಡಿ. ಕಡಿಮೆ ಬಜೆಟ್ಟಿನಲ್ಲೂ ಈ ಖರ್ಚು ಇರಲಿ.

ಪ್ರಶ್ನೆ: ನ್ಯೂಜಿಲೆಂಡಿನ ಬರ್ಟ್ ಮನ್ರೋ ತನ್ನ ಬೈಕಿನ ಪಿಸ್ಟನ್, ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಲ್ಲವನ್ನೂ ಶೆಡ್ಡಿನಲ್ಲೇ ಮಾಡಿಕೊಂಡು ವೇಗದ ದಾಖಲೆ ಮಾಡಿದ ಎಂದು ಓದಿದೆ. ಹಾಗಾದರೆ ನಾನು ಬ್ರೇಕ್ ಲಿವರ್, ಫೂಟ್‌ರೆಸ್ಟ್, ಆಕ್ಸಲ್ ಎಲ್ಲ ಮನೆಯಲ್ಲೇ ಮಾಡಿಕೊಂಡರೆ ಏನು ತಪ್ಪು?

ಈ ಪತ್ರ ಓದಿ ಸಂತೋಷವಾಯಿತು, ಯಾಕೆಂದರೆ ಮನ್ರೋ ನನಗೂ ದೊಡ್ಡ ಮನುಷ್ಯ. 1920ರ ಇಂಡಿಯನ್ ಸ್ಕೌಟ್ ಬೈಕು, 600 ಸಿಸಿ. ಕಾರ್ಖಾನೆಯಿಂದ ಬಂದಾಗ ಅದರ ವೇಗ ಗಂಟೆಗೆ ಸುಮಾರು 55 ಮೈಲಿ. ಪಿಸ್ಟನ್ನುಗಳನ್ನು ಹಳೇ ತಗಡಿನ ಡಬ್ಬಿಗಳಲ್ಲಿ ಎರಕ ಹೊಯ್ದ, ಕನೆಕ್ಟಿಂಗ್ ರಾಡುಗಳನ್ನು ಟ್ರ್ಯಾಕ್ಟರಿನ ಆಕ್ಸಲ್ಲಿನಿಂದ ಕೈಯಲ್ಲೇ ಕಡೆದ. 1967ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕದ ಬಾನವಿಲ್ ಉಪ್ಪುಬಯಲಿನಲ್ಲಿ 1000 ಸಿಸಿ ಒಳಗಿನ ವರ್ಗದಲ್ಲಿ ಗಂಟೆಗೆ 183.586 ಮೈಲಿ ಎಂದು ದಾಖಲಾಯಿತು. ಅವತ್ತಿನ ಲೆಕ್ಕದಲ್ಲಿ ತಪ್ಪಿತ್ತೆಂದು ಅವನ ಮಗ ತೋರಿಸಿದ ಮೇಲೆ 2014ರಲ್ಲಿ ಅದನ್ನು 184.087ಕ್ಕೆ ತಿದ್ದಿದರು.

ಆದರೆ ಅವನ ಶೆಡ್ಡಿನಲ್ಲಿ ಒಂದು ಕಪಾಟಿತ್ತು, ಅದನ್ನು ನೀವು ನೆನೆಯಬೇಕು. ಒಡೆದ ಪಿಸ್ಟನ್, ಮುರಿದ ರಾಡುಗಳನ್ನೆಲ್ಲ ಅದರಲ್ಲಿ ಸಾಲಾಗಿಟ್ಟು, ಇವು ವೇಗದ ದೇವರಿಗೆ ಕೊಟ್ಟ ಕಾಣಿಕೆ ಎಂದು ಬರೆದಿದ್ದ. ಒಂದು ಭಾಗ ನಿಲ್ಲುವ ಮುಂಚೆ ಎಷ್ಟೋ ಭಾಗ ಮುರಿದವು, ಅವನೂ ಎಷ್ಟೋ ಸಲ ಬಿದ್ದ. ಅವನು ದಾಖಲೆಗೆ ಓಡಿಸಿದ್ದು ಎದುರಿಗೆ ಯಾರೂ ಬಾರದ ಬಯಲಿನಲ್ಲಿ. ನಮ್ಮ ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರೆ.

ಇದನ್ನು ನಾನು ಕಲಿತ ಬಗೆ ಹೇಳುತ್ತೇನೆ. ಎರಡನೇ ಬೈಕಿಗೆ ಹಿಂದಿನ ಡ್ರಮ್ ಬ್ರೇಕಿನ ಟಾರ್ಕ್ ಪಟ್ಟಿ ಸಿಗಲಿಲ್ಲ. ಬ್ರೇಕ್ ಒತ್ತಿದಾಗ ಬ್ರೇಕ್ ಪ್ಲೇಟು ಚಕ್ರದ ಜೊತೆ ತಿರುಗಿಹೋಗದಂತೆ ಹಿಡಿದಿಡುವ ಪಟ್ಟಿ ಅದು. 6 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯಲ್ಲಿ ಮಾಡಿ, ಕನ್ನಡಿಯಂತೆ ಪಾಲಿಶ್ ಹಾಕಿ ಕೂರಿಸಿದೆ. ಎಂಟು ತಿಂಗಳು ನೆಟ್ಟಗಿತ್ತು. ಒಂದು ಸಂಜೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ, ಬೋಲ್ಟಿನ ತೂತಿನ ಪಕ್ಕದಲ್ಲೇ ಪಟ್ಟಿ ತುಂಡಾಯಿತು, ಪ್ಲೇಟು ತಿರುಗಿ ಬ್ರೇಕಿನ ರಾಡನ್ನು ಎಳೆದು ಚಕ್ರ ಕಚ್ಚಿಕೊಂಡಿತು. ಭುಜ ತರಚಿತು, ಮೂರು ವಾರ ಕೆಲಸಕ್ಕೆ ಹೋಗಲಿಲ್ಲ. ದಿನಾ ಹಿಂದೆ ಕೂರುತ್ತಿದ್ದ ಮಗಳು ಅವತ್ತು ಶೀತವೆಂದು ಮನೆಯಲ್ಲೇ ಇದ್ದಳು. ಆ ಪಟ್ಟಿಯ ಎರಡು ತುಂಡನ್ನೂ ಇಟ್ಟುಕೊಂಡಿದ್ದೇನೆ.

ಪಟ್ಟಿ ತೆಳ್ಳಗಿತ್ತೆಂದು ಮುರಿಯಲಿಲ್ಲ, ದಣಿದು ಮುರಿಯಿತು. ಸಣ್ಣ ಭಾರವನ್ನೇ ಲಕ್ಷ ಸಲ ಹೊತ್ತರೆ ಲೋಹದಲ್ಲಿ ಕಾಣದ ಬಿರುಕು ಹುಟ್ಟಿ ಬೆಳೆಯುತ್ತದೆ. ಇದನ್ನು 19ನೇ ಶತಮಾನದಲ್ಲೇ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಆಕ್ಸಲ್ಲುಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದ. ಉಕ್ಕಿಗೆ ಒಂದು ಮಿತಿಯಿದೆ, ಅದಕ್ಕಿಂತ ಕಡಿಮೆ ಭಾರವನ್ನು ಎಷ್ಟು ಕಾಲವಾದರೂ ತಡೆಯುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿ ಇಲ್ಲ, ಸಣ್ಣ ಭಾರವೂ ಒಂದು ದಿನ ಲೆಕ್ಕಕ್ಕೆ ಬರುತ್ತದೆ. ತೂತಿನ ಅಂಚಿನಲ್ಲಿ, ಹ್ಯಾಕ್ಸಾ ಗೀರಿನಲ್ಲಿ, ಚೂಪಾದ ಒಳಮೂಲೆಯಲ್ಲಿ ಬಿರುಕು ಬೇಗ ಹುಟ್ಟುತ್ತದೆ. ಒಳಮೂಲೆ ಬರುವ ಕಡೆ ಮೊದಲು ದುಂಡು ತೂತು ಕೊರೆದು ಆಮೇಲೆ ಅಲ್ಲಿಗೆ ಕತ್ತರಿಸಿ, ಅಂಚುಗಳನ್ನೆಲ್ಲ ಅರದಿಂದ ದುಂಡಗೆ ಮಾಡಿ.

ಅಂದಿನಿಂದ ಏನೇ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಓಡುವಾಗ ಮುರಿದರೆ ಬೈಕು ನಿಲ್ಲುತ್ತದೋ, ನಾನು ಬೀಳುತ್ತೇನೋ? ಬ್ಯಾಟರಿ ಪೆಟ್ಟಿಗೆ, ಚೈನ್ ಕವರ್, ಪಕ್ಕದ ತಗಡು, ಹಾರ್ನಿನ ಬ್ರ್ಯಾಕೆಟ್, ಸೀಟಿನ ತಳ, ಟೂಲ್ ಬಾಕ್ಸ್, ಸೈಲೆನ್ಸರ್ ಹಿಡಿಯುವ ಪಟ್ಟಿ, ಇವನ್ನೆಲ್ಲ ಧೈರ್ಯವಾಗಿ ಮಾಡಿ. ನನ್ನ ಈಗಿನ ಬೈಕಿನ ಬ್ಯಾಟರಿ ಪೆಟ್ಟಿಗೆ ಹಳೇ ಕಂಪ್ಯೂಟರಿನ ತಗಡಿನ ಕವಚ, ಸೀಟಿನ ತಳ ಒಂದು ಕೆಟ್ಟ ವಾಷಿಂಗ್ ಮಷೀನಿನ ಬದಿ. ಗುಜರಿಯಲ್ಲಿ ಸಿಕ್ಕದ್ದಕ್ಕೆ ಆಕಾರ ಕೊಡುವ ಸುಖವೇ ಬೇರೆ, ಅದನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಬ್ರೇಕಿನ ಲಿವರ್, ಟಾರ್ಕ್ ಪಟ್ಟಿ, ಆಕ್ಸಲ್, ಹ್ಯಾಂಡಲ್, ಫೋರ್ಕ್, ಚಕ್ರದ ಕಡ್ಡಿ, ಫೂಟ್‌ರೆಸ್ಟ್, ಇವು ಕಾರ್ಖಾನೆಯವೇ ಆಗಿರಲಿ. ಬೇರೆ ಬೈಕಿನದಾದರೂ ಸರಿ, ಹೊಂದಿಸಲು ಸಂದಿಗೆ ಹಾಕುವ ಬಳೆಯನ್ನು (ಸ್ಪೇಸರ್) ಮಾತ್ರ ನೀವು ಕಡೆಯಿರಿ.

ಬೋಲ್ಟಿನ ಬಗ್ಗೆಯೂ ಒಂದು ಮಾತು. ತಲೆಯ ಮೇಲೆ 8.8 ಅಂತಿದ್ದರೆ ಅದು ಸುಮಾರು 640 ಮೆಗಾಪಾಸ್ಕಲ್ (ಲೋಹದ ಮೇಲಿನ ಎಳೆತದ ಅಳತೆ) ತನಕ ಹಿಗ್ಗಿ ಕೆಡದೆ ತಡೆಯುತ್ತದೆ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಎ2-70 ಅಂತಿದ್ದರೆ ಅದರ ಮಿತಿ 450. ಚಂದ ಕಾಣುತ್ತದೆಂದು ಬ್ರೇಕಿಗೂ ಇಂಜಿನ್ ಹಿಡಿಯುವ ಜಾಗಕ್ಕೂ ಸ್ಟೇನ್‌ಲೆಸ್ ಹಾಕಬೇಡಿ, ಮಡ್‌ಗಾರ್ಡಿಗೆ ಹಾಕಿ.

ಪ್ರಶ್ನೆ: ಇಂಜಿನ್ನಿನ ಪ್ಯಾಕಿಂಗ್ ಸೆಟ್ (ಭಾಗಗಳ ನಡುವೆ ಸೋರದಂತೆ ಹಾಕುವ ಹಾಳೆಗಳು) ಎಲ್ಲೂ ಸಿಗುತ್ತಿಲ್ಲ.

ನೀವೇ ಮಾಡಿ. ಪ್ಯಾಕಿಂಗ್ ಹಾಳೆಯನ್ನು ಭಾಗದ ಮೇಲೆ ಹಾಸಿ, ದುಂಡು ತಲೆಯ ಸುತ್ತಿಗೆಯಿಂದ ಅಂಚಿನ ಗುಂಟ ಮೆಲ್ಲಗೆ ತಟ್ಟುತ್ತಾ ಹೋದರೆ ಹಾಳೆ ತಾನೇ ಕತ್ತರಿಸಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಗುರುತು ಬೀಳುವಷ್ಟು ಹೊಡೆಯಬೇಡಿ. ಮೊದಲು ಬೋಲ್ಟಿನ ತೂತುಗಳು, ಕೊನೆಗೆ ಹೊರ ಅಂಚು. ಬೋರಿನ ಬುಡದ ಪ್ಯಾಕಿಂಗ್ ಮಾತ್ರ ಹಳೆಯದರ ದಪ್ಪವೇ ಇರಬೇಕು. ಟೂ-ಸ್ಟ್ರೋಕಿನಲ್ಲಿ ಅದು ದಪ್ಪವಾದರೆ ಬೋರು ಮೇಲೇರಿ ಪೋರ್ಟು ತೆರೆಯುವ ಹೊತ್ತೂ ಕಂಪ್ರೆಷನ್ನೂ ಬದಲಾಗುತ್ತವೆ. ಹೆಡ್ಡಿನ ತಾಮ್ರದ ಪ್ಯಾಕಿಂಗ್ ಬಾಗದೆ ಸಮವಾಗಿದ್ದರೆ ಎಸೆಯಬೇಡಿ, ಮಂದ ಕೆಂಪಗೆ ಕಾಯಿಸಿ ನೀರಿಗದ್ದಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆದುವಾಗಿ ಮತ್ತೆ ಚೆನ್ನಾಗಿ ಕೂರುತ್ತದೆ.

ಪ್ರಶ್ನೆ: ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮಿಗೆ ಬುಷ್ (ಪಿನ್ನು ಕೂರುವ ಲೋಹದ ಕೊಳವೆ) ಮಾಡಿಸಿದೆ. ಕೈಯಲ್ಲಿದ್ದಾಗ ಪಿನ್ನು ಸಲೀಸಾಗಿ ಹೋಗುತ್ತಿತ್ತು, ಆರ್ಮಿಗೆ ಒತ್ತಿದ ಮೇಲೆ ಹೋಗುತ್ತಲೇ ಇಲ್ಲ. ಪಿನ್ನನ್ನು ಉಜ್ಜಿ ಸಣ್ಣದು ಮಾಡಲೇ?

ಪಿನ್ನು ಮುಟ್ಟಬೇಡಿ. ಬುಷ್ ಹೊರಗಿನ ಅಳತೆ ಆರ್ಮಿನ ತೂತಿಗಿಂತ ಒಂದಿಷ್ಟು ಹೆಚ್ಚಿರಲೇಬೇಕು, ಆಗಲೇ ಅದು ಕಚ್ಚಿ ಕೂರುವುದು. ಹಾಗೆ ಒತ್ತಿದಾಗ ಒಳಗಿನ ತೂತು ಕಿರಿದಾಗುತ್ತದೆ. ನಿಮ್ಮ ಟರ್ನರ್ ತಪ್ಪು ಮಾಡಿಲ್ಲ, ಒಂದು ಹಂತ ಬಾಕಿಯಿದೆ. ಒತ್ತಿದ ಮೇಲೆ ಎರಡೂ ಬುಷ್ಷಿಗೆ ಒಂದೇ ನೇರದಲ್ಲಿ ರೀಮರ್, ಅಂದರೆ ತೂತನ್ನು ಸರಿಯಾದ ಅಳತೆಗೆ ಹೆರೆಯುವ ಸಾಧನ, ಹಾಕಬೇಕು. ಒಂದೊಂದೇ ಬದಿಯಿಂದ ಹಾಕಿದರೆ ಎರಡರ ನೇರ ತಪ್ಪುತ್ತದೆ. ನಾನು ಫಾಸ್ಫರ್ ಬ್ರಾಂಜಿನಲ್ಲಿ ಮಾಡಿ, ಪಿನ್ನಿಗೆ 0.03ರಿಂದ 0.05 ಮಿ.ಮೀ. ಸಡಿಲ ಬಿಡುತ್ತೇನೆ, ಒಳಗೆ ಗ್ರೀಸಿಗೊಂದು ಕಾಲುವೆ ಕೊರೆಯುತ್ತೇನೆ.

ಹೇಗೂ ಒತ್ತುವ ಮಾತು ಬಂತು. ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನಿಂದ ಬೇರಿಂಗ್ ತೆಗೆಯಲು ಬಡಿಯಬೇಡಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದು ಹನಿ ನೀರು ಚುಯ್ ಅನ್ನುವಷ್ಟು ಕೇಸನ್ನು ಸಮವಾಗಿ ಕಾಯಿಸಿ ಮರದ ಮೇಲೆ ತಟ್ಟಿದರೆ ಬೇರಿಂಗ್ ತಾನೇ ಉದುರುತ್ತದೆ. ಹೊಸದನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಬಿಸಿ ಕೇಸಿಗೆ ಇಳಿಬಿಡಿ.

ಪ್ರಶ್ನೆ: ವಯರಿಂಗ್ ಎಲ್ಲ ಹೊಸದಾಗಿ ನಾನೇ ಎಳೆದೆ. 6 ವೋಲ್ಟಿನ ಹೆಡ್‌ಲೈಟ್ ಮಿಣುಕುತ್ತದೆ ಅಷ್ಟೇ.

ಚಾಸಿಗೆ ಹೊಸ ಬಣ್ಣ ಹೊಡೆಸಿದ್ದೀರಿ ಎಂದುಕೊಳ್ಳುತ್ತೇನೆ. ಕರೆಂಟು ಚಾಸಿಯ ಮೂಲಕವೇ ಬ್ಯಾಟರಿಗೆ ಮರಳಬೇಕು, ಆ ಜೋಡಣೆಯೇ ಅರ್ಥ್, ಬಣ್ಣ ಅದನ್ನು ತಡೆಯುತ್ತದೆ. ಅರ್ಥ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಬರೀ ಲೋಹ ಕಾಣುವಂತೆ ಮಾಡಿ. 35 ವ್ಯಾಟಿನ 12 ವೋಲ್ಟ್ ಬಲ್ಬು ಸುಮಾರು 3 ಆಂಪಿಯರ್ ಎಳೆದರೆ ಅಷ್ಟೇ ವ್ಯಾಟಿನ 6 ವೋಲ್ಟ್ ಬಲ್ಬು ಸುಮಾರು 6 ಆಂಪಿಯರ್ ಎಳೆಯುತ್ತದೆ. ಸಣ್ಣ ವಯರು, ಸಡಿಲ ಜೋಡಣೆ ಇದ್ದರೆ ಇರುವ ಆರರಲ್ಲಿ ಒಂದು ವೋಲ್ಟು ದಾರಿಯಲ್ಲೇ ಹೋಗುತ್ತದೆ. ದಪ್ಪ ವಯರು ಹಾಕಿ, ಹೆಡ್‌ಲೈಟಿಗೆ ಬೇರೆಯದೇ ಅರ್ಥ್ ವಯರು ಎಳೆಯಿರಿ.

ಪ್ರಶ್ನೆ: ನನ್ನ ಮಗಳಿಗೆ 16. ತಾತನ ಬೈಕನ್ನು ತಾನೇ ಬಿಚ್ಚಿ ಕಟ್ಟುತ್ತೇನೆ ಅನ್ನುತ್ತಾಳೆ. ಅಪಾಯವಲ್ಲವೇ?

ಬಿಡಿ ತಾಯಿ, ಖಂಡಿತ ಬಿಡಿ. ನೀವೂ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು ಚೀಲಗಳ ಮೇಲೆ ಹೆಸರು ಬರೆದುಕೊಡಿ. ಅಪಾಯ ಇರುವುದು ನಿಜ, ಅವು ಯಾವುವೆಂದು ಮೊದಲೇ ತಿಳಿದಿರಲಿ. ಗ್ರೈಂಡರ್ ಹಿಡಿದಾಗ ಕಣ್ಣಿಗೆ ಕನ್ನಡಕ. ಡ್ರಿಲ್ ಮುಂದೆ ಕೂದಲು ಬಿಗಿಯಾಗಿ ಕಟ್ಟಿರಲಿ, ವೇಲು ಬೇಡ, ಕೈಗವಸೂ ಬೇಡ, ತಿರುಗುವ ಯಂತ್ರ ಗವಸನ್ನು ಹಿಡಿದರೆ ಕೈಯನ್ನೂ ಎಳೆಯುತ್ತದೆ. ಹಳೇ ಬ್ರೇಕ್ ಶೂ, ಕ್ಲಚ್ ಪ್ಲೇಟಿನ ದೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದು ತಾಗಿದ ಭಾಗಕ್ಕೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಇದು ದೊಡ್ಡ ಮೆಕ್ಯಾನಿಕ್ಕುಗಳಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾರ್ಬುರೇಟರಿನಿಂದ ಶುರು ಮಾಡಲಿ. ಮೇಜಿನ ಮೇಲೆ ಹಿಡಿಸುವ ವಸ್ತು, ಪೆಟ್ರೋಲು ಅಳೆದು ಬಿಡುವ ಜೆಟ್ಟು ಯಾವುದು, ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟು ಯಾವುದು ಅಂತ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಜೆಟ್ಟಿನ ತೂತಿಗೆ ಮಾತ್ರ ಉಕ್ಕಿನ ತಂತಿ ಚುಚ್ಚಬಾರದೆಂದು ಹೇಳಿ, ಜೆಟ್ಟಿನ ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಒಂದೂವರೆ ವರ್ಷದ ಕೆಲಸ ಮುಗಿಯಿತು. ಈ ಭಾನುವಾರ ಮೊದಲ ಸಲ ಓಡಿಸುತ್ತೇನೆ. ಏನು ನೋಡಿಕೊಳ್ಳಲಿ?

ಶನಿವಾರ ಸಂಜೆ, ಆತುರವಿಲ್ಲದ ಹೊತ್ತಿನಲ್ಲಿ, ಪಾನಾ ಹಿಡಿದು ಎಲ್ಲಾ ಬೋಲ್ಟನ್ನೂ ಒಮ್ಮೆ ಮುಟ್ಟಿ ಬನ್ನಿ. ಬಿಗಿ ಮಾಡಿದ್ದರ ಮೇಲೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ, ಗೆರೆ ಸರಿದಿದ್ದರೆ ಬೋಲ್ಟು ತಿರುಗಿದೆ ಎಂದು ಆಮೇಲೆ ಕಣ್ಣಿಗೇ ಗೊತ್ತಾಗುತ್ತದೆ. ಭಾನುವಾರ ಮೊದಲು ಮನೆಯ ಮುಂದೆಯೇ ನಡಿಗೆಯ ವೇಗದಲ್ಲಿ ಹತ್ತು ಸಲ ಬ್ರೇಕ್ ಹಾಕಿ ನೋಡಿ. ಹೊಸ ಪಿಸ್ಟನ್ ಹಾಕಿದ್ದರೆ ಎಕ್ಸಲರೇಟರ್ ಅರ್ಧಕ್ಕಿಂತ ಮೇಲೆ ಬೇಡ, ಒಂದೇ ವೇಗದಲ್ಲೂ ಬಹಳ ಹೊತ್ತು ಬೇಡ. ಉದ್ದ ಇಳಿಜಾರಿನಲ್ಲಿ ಟೂ-ಸ್ಟ್ರೋಕನ್ನು ಎಕ್ಸಲರೇಟರ್ ಪೂರ್ತಿ ಮುಚ್ಚಿ ಇಳಿಸಬೇಡಿ. ಪೆಟ್ರೋಲು ನಿಂತರೆ ಅದರ ಜೊತೆ ಹೋಗುವ ಎಣ್ಣೆಯೂ ನಿಲ್ಲುತ್ತದೆ. ಎರಡು ಬೆರಳು ಕ್ಲಚ್ಚಿನ ಮೇಲೇ ಇರಲಿ, ಇಂಜಿನ್ ಸದ್ದು ಬಿಗಿಯಾದಂತೆ ಅನಿಸಿದ ಕ್ಷಣ ಒತ್ತಿಬಿಡಿ.

50 ಕಿ.ಮೀ. ಆದ ಮೇಲೆ ಮನೆಗೆ ಬಂದು, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟು ಮತ್ತೆ ಬಿಗಿ ಮಾಡಿ. ಚೈನು, ಬ್ರೇಕಿನ ಸಡಿಲ ನೋಡಿ. ಕಡ್ಡಿಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ ಕೇಳಿ, ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಹೋಗಿಬಂದ ಮೇಲೆ ನನಗೆ ಬರೆಯಿರಿ.